ಗೋಡೆಯ ಗೆರೆ

ಗಾಡಿ ತುಂಬ 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆಗಳು, ಮುಂದೆ ಬಡಗಿ ಆಚಾರ್ರ ಪಕ್ಕ ನಾನು. ಗೆಳೆಯನ ಅಜ್ಜಿಯ ಮನೆ ಬಡವನಹಳ್ಳಿಯಲ್ಲಿ. ಅಲ್ಲಿ ಗೋಡೆಯೊಳಗೊಂದು ಬೀರು, ಬಚ್ಚಲಲ್ಲಿ ಬೇಸಿನ್ನಿನ ಕೆಳಗೊಂದು ಕಪಾಟು ಕೂರಿಸಬೇಕಿತ್ತು. ನೋಡಿ ಬರೋಣವೆಂದು ಹೊರಟವನಿಗೆ ಕಣ್ಣು ತೆರೆಸುವ ಪಾಠ ದಾರಿಯಲ್ಲೇ ಶುರುವಾಯಿತು.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, 1962ರಲ್ಲಿ ಹುಟ್ಟಿದ ಪ್ಲೈವುಡ್ ಸಂಶೋಧನಾ ಸಂಸ್ಥೆಯ ಆವರಣವಿದೆ. ಅದನ್ನು ದಾಟುವಾಗ ಆಚಾರ್ರು ಕೈ ತೋರಿಸಿ ಹೇಳಿದರು: "ಮರದ ದಿಮ್ಮಿನ ತಿರುಗಿಸ್ತಾ ತಿರುಗಿಸ್ತಾ ಕಾಗದದ ಹಂಗೆ ಸುಲೀತಾರೆ ಸ್ವಾಮಿ. ಒಂದು ಪದರದ ನಾರು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ. ಒಂದು ಬಾಗೋಕೆ ಹೋದ್ರೆ ಇನ್ನೊಂದು ಬಿಡಲ್ಲ." ನಮ್ಮ ಹಾಳೆಗಳ ಮೇಲೆ ಐಎಸ್ 710 ಎಂಬ ಮುದ್ರೆ ಇತ್ತು. ಆ ದರ್ಜೆಯ ಪ್ಲೈವುಡ್ಡಿನ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರಂತೆ, ಪದರ ಬಿಡಕೂಡದು. ಮೂರು ದಿನ, ಮೂರು ರಾತ್ರಿ! ಬೆನ್ನ ಹಿಂದಿದ್ದ ಹಲಗೆಗಳನ್ನು ತಿರುಗಿ ಇನ್ನೊಮ್ಮೆ ನೋಡಿದೆ.

ತುಮಕೂರು, ಕೊರಟಗೆರೆ ದಾಟಿದ ಮೇಲೆ ಮಧುಗಿರಿಯ ಏಕಶಿಲಾ ಬೆಟ್ಟ ಎದ್ದು ನಿಂತಿತು. ಸಮುದ್ರ ಮಟ್ಟದಿಂದ 3,930 ಅಡಿ ಎತ್ತರಕ್ಕೆ ಹೋದ ಬಂಡೆಗೆ ಹಬ್ಬಿದ ಕೋಟೆಗೋಡೆ ಬಂಡೆಯ ಏರಿಳಿತವನ್ನೇ ಹಿಡಿದುಕೊಂಡು ಸಾಗಿದೆ. ಅಲ್ಲಿಂದ ಶಿರಾ ದಾರಿ ಹಿಡಿದು ಬಡವನಹಳ್ಳಿ ಸೇರಿದೆವು.

ಅಜ್ಜಿಯ ನಡುಮನೆಯ ಗೋಡೆ ಒಂದು ಮೊಳಕ್ಕೂ ದಪ್ಪ. ಅದರೊಳಗೆ ಕಡಪ ಕಲ್ಲಿನ ನಾಲ್ಕು ಅಡ್ಡಹಲಗೆಗಳಿದ್ದ ದೊಡ್ಡ ಗೂಡು, ಮುಂದೆ ಹಳೆ ಸೀರೆಯ ಪರದೆ. ಗೋಡೆಯಲ್ಲೇ ಸಾಮಾನು ಇಡುವ ಬುದ್ಧಿ ಈ ಮನೆಗೆ ಮೊದಲೇ ಇತ್ತು. ನಾವು ಸೇರಿಸಬೇಕಾದದ್ದು ಬಾಗಿಲು ಮತ್ತು ಚೌಕಟ್ಟು ಮಾತ್ರ. ಆಚಾರ್ರು ಟೇಪು ಹಿಡಿದರು. ಮೇಲೆ 3 ಅಡಿ 11 ಇಂಚು, ಕೆಳಗೆ 4 ಅಡಿ. ತೂಕಗುಂಡು ಬಿಟ್ಟರೆ ಗೋಡೆ ಬೆರಳಗಲ ಒಳಕ್ಕೆ ವಾಲಿದೆ. ನನಗೆ ಆತಂಕ, ಅವರಿಗೆ ನಗು. "ಯಾವ ಗೋಡೇನೂ ನೆಟ್ಟಗಿರಲ್ಲ ಸ್ವಾಮಿ. ಚೌಕಟ್ಟು ನೆಟ್ಟಗಿರ್ಬೇಕು, ಅಷ್ಟೆ."

ಚಿಕ್ಕ ಅಳತೆಯನ್ನೇ ಹಿಡಿದು, ಅದಕ್ಕೂ ಒಂದಿಷ್ಟು ಕಮ್ಮಿ ಮಾಡಿ ಚೌಕಟ್ಟು ಕಟ್ಟಿದರು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದರು. ಎರಡೂ ಅಳತೆ ಒಂದೇ ಬಂದಾಗ ಮಾತ್ರ ಬಿಗಿ ಮಾಡಿದರು. ಗೆದ್ದಲಿನ ಸೀಮೆಯೆಂದು ಚೌಕಟ್ಟಿನ ಹಲಗೆ ಗೋಡೆಗೆ ತಾಗದ ಹಾಗೆ ನಡುವೆ ಸಂದು ಉಳಿಸಿದರು.

ಆ ಸಂದು ಮುಚ್ಚಿದ ಬಗೆಯೇ ನನ್ನ ಪ್ರಯಾಣದ ಬೆರಗು. ಒಂದು ಅಗಲವಾದ ಪಟ್ಟಿಯನ್ನು ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿದರು. ಕೈವಾರದ ಒಂದು ಕಾಲು ಗೋಡೆಯ ಮೇಲೆ, ಪೆನ್ಸಿಲ್ ಕಟ್ಟಿದ ಕಾಲು ಪಟ್ಟಿಯ ಮೇಲೆ. ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಎಳೆದರು. ಗೋಡೆಯ ಉಬ್ಬು, ತಗ್ಗು, ಎಂದೋ ಗಾರೆ ಬಳಿದವರ ಕೈಯ ಅಲೆ, ಎಲ್ಲವೂ ಹಲಗೆಯ ಮೇಲೆ ಗೆರೆಯಾಗಿ ಇಳಿದುಬಂತು! ಆ ಗೆರೆ ಹಿಡಿದು ಕೊಯ್ದು ಕೂರಿಸಿದರೆ ಉಗುರು ತೂರುವಷ್ಟೂ ಜಾಗವಿಲ್ಲ. ಬಾಗಿಲಿಗೆ 35 ಮಿಲಿಮೀಟರ್ ಅಗಲದ ಕುಳಿ ಕೊರೆದು ಹಿಂಜ್ ಕೂರಿಸಿ, ಸ್ಕ್ರೂವನ್ನು ಅರ್ಧ ಸುತ್ತು ತಿರುವಿದರು. ಓರೆಯಾಗಿದ್ದ ಎರಡು ಬಾಗಿಲು ಕಣ್ಣೆದುರೇ ಸಮನಾದವು.

ಬಚ್ಚಲಲ್ಲಿ ಮಾತ್ರ ಅವರು ಗೋಡೆಯನ್ನಲ್ಲ, ಅಜ್ಜಿಯನ್ನು ಅಳೆದರು. "ಅಜ್ಜಿ, ಇಲ್ಲಿ ನಿಂತ್ಕೊಂಡು ಮುಖ ತೊಳ್ಯೋ ಹಂಗೆ ಮಾಡಿ." ಅಜ್ಜಿ ನಾಚುತ್ತ ಬೊಗಸೆ ಒಡ್ಡಿದರು. ಸಾಮಾನ್ಯವಾಗಿ 32 ಇಂಚಿಗೆ ಕೂರಿಸುವ ಬೇಸಿನ್ನು ಅಲ್ಲೇ 30ಕ್ಕೆ ಇಳಿಯಿತು. ಕೆಳಗಿನ ಕಪಾಟಿಗೆ ಮರವೇ ಬೇಡವೆಂದು ಪಿವಿಸಿ ಹಲಗೆ, ಮೇಲೆ ಗ್ರಾನೈಟ್ ಚಪ್ಪಡಿ. ಬಕೆಟ್ ನೀರು ಚೆಲ್ಲುವ ಬಚ್ಚಲು ನಮ್ಮದು. ಆದ್ದರಿಂದ ಕಪಾಟನ್ನು ನೆಲದಿಂದ ಒಂದಡಿ ಮೇಲೆ ಗೋಡೆಗೆ ತೂಗುಹಾಕಿದರು. ಕೊಳಾಯಿಗೆ ಕೊರೆದ ತೂತಿನ ಅಂಚಿಗೂ ಸಿಲಿಕಾನ್ ಬಳಿದರು. "ನೀರು ಮುಂದಿನ ಬಾಗಿಲಿಂದ ಬರಲ್ಲ ಸ್ವಾಮಿ, ಕೊಯ್ದ ಅಂಚಿಂದ ಬರ್ತದೆ."

ಸಂಜೆ ಅಜ್ಜಿ ಹೊಸ ಬೇಸಿನ್ನಿನಲ್ಲಿ ಕೈತೊಳೆದರು. ಹಿಮ್ಮಡಿ ಎತ್ತಲಿಲ್ಲ, ಬೆನ್ನು ಬಗ್ಗಿಸಲಿಲ್ಲ. ತನಗೆಂದೇ ಆದದ್ದೆಂದು ಗೊತ್ತಾಗಿ ಚಪ್ಪಡಿಯನ್ನೊಮ್ಮೆ ಸವರಿದರು.

ಗುಡಿಸುವ ರಾಶಿಯಿಂದ ಒಂದು ತುಂಡು ಹೆಕ್ಕಿಕೊಂಡೆ: ಪಟ್ಟಿಯಿಂದ ಕೊಯ್ದು ಬಿಸುಟ ಸಪೂರ ಚೂರು. ಒಂದು ಅಂಚು ನೆಟ್ಟಗೆ, ಇನ್ನೊಂದು ಅಂಚು ಆ ಗೋಡೆಯ ಗೆರೆ. ಈಗ ಅದು ನನ್ನ ಮೇಜಿನ ಮೇಲಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಡವನಹಳ್ಳಿಯ ನಡುಮನೆ ಮೇಲಿನಿಂದ ಕೆಳಗೆ, ತಗ್ಗುತ್ತ ಉಬ್ಬುತ್ತ ಕೈಗೆ ಸಿಗುತ್ತದೆ.