ಬಸ್ಸಿಳಿದ ಮೇಲಿನ ದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ಪಟ್ಟಣಗಳ ಹೆಸರನ್ನು ಒಟ್ಟಿಗೆ ಹೇಳಲು ಹೆಚ್ಚು ಕಾರಣಗಳಿಲ್ಲ. ಚನ್ನಗಿರಿಯದು ಅಡಿಕೆ ಮತ್ತು ಸೂಳೆಕೆರೆಯ ಲೋಕ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಇದೆ. ಮೊನ್ನೆ ಮೊನ್ನೆಯವರೆಗೆ ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ಈಗ ತಾನೇ ಒಂದು ತಾಲ್ಲೂಕು. ಜಗಳೂರಿನವರು ಮೋಡ ನೋಡಿ ಬಿತ್ತುವವರು. ಆದರೂ ಒಂದು ಮಾತಿನಲ್ಲಿ ನಾಲ್ಕೂ ಒಂದೇ: ಈ ಯಾವ ಪಟ್ಟಣದಲ್ಲೂ ರೈಲು ನಿಲ್ದಾಣವಿಲ್ಲ. ಇಲ್ಲಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನಮ್ಮದು ನ್ಯಾಮತಿ ಕಡೆಯ ಹಳ್ಳಿ. ನಮಗೆ ಇವತ್ತಿಗೂ ಶಿವಮೊಗ್ಗವೇ ಹತ್ತಿರ. ಆದರೆ ಕಾಗದಪತ್ರದ ಕೆಲಸ, ದೊಡ್ಡ ಡಾಕ್ಟರು, ಮದುವೆಯ ಜವಳಿ, ಕೊನೆಗೆ ನನ್ನ ಸಂಶೋಧನೆ, ಎಲ್ಲಕ್ಕೂ ದಾವಣಗೆರೆಯೇ ಆಯಿತು. ಹೀಗೆ ಕಚೇರಿಗೆ, ಆಸ್ಪತ್ರೆಗೆ, ಅಂಗಡಿಗೆ ಎಂದು ದಿನವೂ ಬಸ್ಸಿಳಿಯುವ ಜನ ಈ ಊರಿನ ಮತದಾರರ ಪಟ್ಟಿಯಲ್ಲಿಲ್ಲ. ಆದರೆ ಊರಿನ ಹಳೇ ಪೇಟೆಯಲ್ಲಿ ಹೆಚ್ಚು ನಡೆಯುವವರು ಇವರೇ. ಪೇಟೆಯನ್ನು ಹೊಸದು ಮಾಡುವಾಗ ಇವರ ಹೆಜ್ಜೆಯನ್ನು ಯಾರಾದರೂ ಲೆಕ್ಕಕ್ಕೆ ಹಿಡಿದರೇ ಎಂಬುದೇ ನನ್ನ ಪ್ರಶ್ನೆ.

ದಾವಣಗೆರೆಯ ಹಳೇ ಊರಿನ ಹೆಸರುಗಳನ್ನು ಓದಿದರೆ ಸಾಕು, ಅದು ಹೇಗೆ ಬದುಕಿತ್ತೆಂದು ತಿಳಿಯುತ್ತದೆ. ಮಂಡಿಪೇಟೆ, ಚೌಕಿಪೇಟೆ, ಬಿನ್ನಿ ಕಂಪನಿ ರಸ್ತೆ, ಹಗೇದಿಬ್ಬ ವೃತ್ತ. ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ದವಸ, ಹತ್ತಿ, ಜವಳಿ, ಇವುಗಳ ಮೇಲೆ ಎದ್ದ ಊರು ಇದು. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೆದ್ದಾರಿ ಊರ ಹೊರಗೆ ಸರಿದು, ಹಳೆಯ ಪೂನಾ–ಬೆಂಗಳೂರು ರಸ್ತೆ ಊರೊಳಗಿನ ಪಿ.ಬಿ. ರಸ್ತೆಯಾಗಿ ಉಳಿಯಿತು. ದುಡ್ಡಿದ್ದವರು ವಿದ್ಯಾನಗರ, ಎಂಸಿಸಿ ಬ್ಲಾಕುಗಳ ಕಡೆ ಮನೆ ಕಟ್ಟಿಕೊಂಡರು. ಹಳೇ ಪೇಟೆ ಸಾಯಲಿಲ್ಲ, ಬೆಳೆಯಲೂ ಇಲ್ಲ. ಮಹಡಿಯ ಮರದ ಕಿಟಕಿಗಳು ಮುಚ್ಚಿಯೇ ಇದ್ದವು, ಕೆಳಗಿನ ಅಂಗಡಿಗಳು ತೆರೆದೇ ಇದ್ದವು.

ರೈಲು ಹಳಿ ಈ ಊರನ್ನು ಸೀಳಿಕೊಂಡು ಹೋಗುತ್ತದೆ. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ಚುನಾವಣೆಯ ಮಾತಾಗಿತ್ತು. ಗೇಟು ಬಿದ್ದರೆ ಊರೇ ನಿಲ್ಲುತ್ತಿತ್ತು. ಆಮೇಲೆ ಅಲ್ಲಿ ಕೆಳಸೇತುವೆ ಬಂತು. ವಾಹನದವರಿಗೆ ಕಾಯುವುದು ತಪ್ಪಿತು, ಸರಿ. ಆದರೆ ಯಾವ ಊರಿನದೇ ಆಗಲಿ, ಕೆಳಸೇತುವೆಯೆಂಬುದು ಕಾಲ್ನಡಿಗೆಯವರಿಗೆ ಬೇರೆಯೇ ವಸ್ತು. ಸ್ಕೂಟರಿಗೆ ಇಳಿಜಾರು ಅನಿಸುವುದು ತಲೆಮೇಲೆ ಮೂಟೆ ಹೊತ್ತವರಿಗೆ ಏರು. ಮಳೆಗಾಲದಲ್ಲಿ ನೀರು ನಿಲ್ಲುವುದೂ ಅಲ್ಲೇ.

2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆ ಘೋಷಿಸಿತು. 2016ರ ಜನವರಿಯಲ್ಲಿ ಬಂದ ಮೊದಲ 20 ನಗರಗಳ ಪಟ್ಟಿಯಲ್ಲಿ ಕರ್ನಾಟಕದ ಎರಡು ಹೆಸರಿದ್ದವು, ಬೆಳಗಾವಿ ಮತ್ತು ದಾವಣಗೆರೆ. ನಗರವೊಂದಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ ಎಂಬುದು ಲೆಕ್ಕ. ದಾವಣಗೆರೆಯ ಪ್ರಸ್ತಾವನೆಯಲ್ಲಿ ಹಳೇ ಪೇಟೆಗೂ ಮಂಡಕ್ಕಿ ಭಟ್ಟಿಗಳ ಪ್ರದೇಶಕ್ಕೂ ಜಾಗವಿತ್ತು. ಕಾಂಕ್ರೀಟ್ ರಸ್ತೆಗಳು ಬಂದವು, ಬಸ್ ನಿಲ್ದಾಣ ಹೊಸದಾಯಿತು. 2025ರ ಮಾರ್ಚಿಗೆ ಯೋಜನೆಯ ಅವಧಿಯೂ ಮುಗಿಯಿತು. ಆ ಹೊತ್ತಿಗೆ ನಮ್ಮ ಜಿಲ್ಲೆಯವರು ಇನ್ನೆರಡು ಬದಲಾವಣೆ ಕಂಡಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದೇ ತಿಂಗಳ ಕೊನೆಗೆ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಓಡತೊಡಗಿ, ದಾವಣಗೆರೆಯಲ್ಲೂ ನಿಂತಿತು.

ನಿಲ್ದಾಣ ಹೊಸದು, ರಸ್ತೆ ಹೊಸದು, ರೈಲು ಹೊಸದು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯ ಕಥೆ ಮಾತ್ರ ಬೇರೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಅವ್ವನ ಮೊಣಕಾಲಿನಿಂದ. ಎರಡು ವರ್ಷದಿಂದ ತಿಂಗಳಿಗೊಮ್ಮೆ ಅವಳನ್ನು ಡಾಕ್ಟರಿಗೆ ತೋರಿಸಬೇಕು. ಬಸ್ಸಿಗೆ ದುಡ್ಡಿಲ್ಲ ಎಂದ ಮೇಲೆ ಆಟೋಗೆ ಕೊಡಲು ಅವಳಿಗೆ ಮನಸ್ಸು ಬಾರದು. "ನ್ಯಾಮ್ತಿಯಿಂದ ಬಿಟ್ಟಿ ಬಂದು ಇಲ್ಲಿ ಅರವತ್ತು ರೂಪಾಯಿ ಕೊಡದಾ?" ಎಂದು ನಡೆಯತೊಡಗುತ್ತಾಳೆ. ಫುಟ್‌ಪಾತ್ ಇದೆ. ಅವಳು ಹತ್ತುತ್ತಾಳೆ, ನಾಲ್ಕು ಹೆಜ್ಜೆಗೆ ಟ್ರಾನ್ಸ್‌ಫಾರ್ಮರ್. ಇಳಿಯುತ್ತಾಳೆ. ಮತ್ತೆ ಹತ್ತಿದರೆ ಸಾಲಾಗಿ ನಿಲ್ಲಿಸಿದ ಬೈಕುಗಳು. ಇಳಿಯುತ್ತಾಳೆ. ಮುಂದೆ ಅಂಗಡಿಯವರ ಇಳಿಜಾರು, ಅದರಾಚೆ ಫ್ಲೆಕ್ಸಿನ ಕಂಬ, ಎದ್ದ ಚಪ್ಪಡಿ. ಎಷ್ಟು ಸಲ ಹತ್ತಿಳಿದಳೆಂದು ಒಂದು ದಿನ ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟೆ. "ಇಷ್ಟೆತ್ರ ಯಾಕೆ ಕಟ್ಯಾರೆ? ಹತ್ತಕ್ಕೂ ಆಗಲ್ಲ, ಇಳಿಯಕ್ಕೂ ಆಗಲ್ಲ" ಎಂದು ಅವಳು ರಸ್ತೆಯಲ್ಲೇ ನಡೆದಳು. ಹಿಂದಿನಿಂದ ಹಾರ್ನು.

ಅವ್ವನ ದೂರಿಗೆ ಸರ್ಕಾರಿ ಪುಸ್ತಕದಲ್ಲೇ ಉತ್ತರವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು. ಅಂದರೆ ಒಂದು ಗೇಣಿಗಿಂತ ಕಡಿಮೆ. ಮನೆಗಳಿರುವ ಬೀದಿಯಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಗಡಿ ಬೀದಿಯಲ್ಲಿ 2.5 ಮೀಟರ್. ಇಲ್ಲಿ ಮುಖ್ಯವಾದ ಮಾತು 'ಅಡ್ಡಿಯಿಲ್ಲದ' ಎಂಬುದು. ಕಂಬ, ಡಬ್ಬಿ, ಬೈಕು ಎಲ್ಲ ಕಳೆದು ಉಳಿಯುವ ಅಗಲ ಅದು. ಟೈಲ್ಸು ಹಾಕಿದ ಅಗಲಕ್ಕೆ ಬಿಲ್ಲು ಆಗುತ್ತದೆ, ಜನ ನಡೆಯುವುದು ಉಳಿದ ಅಗಲದಲ್ಲಿ.

ಇದು ಬರೀ ಮೊಣಕಾಲಿನ ಮಾತೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ನಡೆಯುತ್ತಿದ್ದವರು. ಐವರಲ್ಲಿ ಹತ್ತಿರ ಹತ್ತಿರ ಒಬ್ಬರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗ ಎಂದಿತು.

ಹಾಗಾದರೆ ಹಳೇ ಪೇಟೆಯ ರಸ್ತೆಯನ್ನು ಅಗಲ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಮಂಡಿಪೇಟೆಯ ಕಿರಾಣಿ ಅಂಗಡಿಯ ಹಿರಿಯರೊಬ್ಬರು ನನಗೂ ಅದನ್ನೇ ಹೇಳಿದರು. "ಪಾರ್ಕಿಂಗ್ ಎಲ್ಲೈತವ್ವಾ ಇಲ್ಲಿ? ಅದಕ್ಕೇ ಯಾಪಾರ ಬಿದ್ದೋತು." ಮಳೆ ಬರುತ್ತಿದ್ದುದರಿಂದ ಒಂದು ಗಂಟೆ ಅವರ ಅಂಗಡಿಯಲ್ಲೇ ಕೂತಿದ್ದೆ. ಆ ಹೊತ್ತಿನಲ್ಲಿ ಬಂದವರೆಲ್ಲ ಕೈಯಲ್ಲಿ ಚೀಲ ಹಿಡಿದವರು. ಒಬ್ಬಾಕೆ ಜಗಳೂರಿನ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದಳು. ಇನ್ನೊಬ್ಬರು ಸಾಮಾನು ಕಟ್ಟಿಸಿಟ್ಟು, ಪಕ್ಕದ ಬೀದಿಯಲ್ಲಿ ಬಟ್ಟೆ ನೋಡಿ ಬರುತ್ತೇನೆಂದು ಹೋದರು. ಕಾರಿನಲ್ಲಿ ಬಂದವರು ಒಬ್ಬರೂ ಇರಲಿಲ್ಲ. ಕಾರಿನವರು ಬಾರದಿರುವುದು ಅವರ ಕಣ್ಣಿಗೆ ಕಾಣುತ್ತಿತ್ತು. ನಡೆದು ಬಂದವರು ಇರುವುದರಿಂದಲೇ ಅಂಗಡಿ ನಡೆಯುತ್ತಿದೆ ಎಂಬುದು ಅಭ್ಯಾಸವಾಗಿಹೋಗಿ ಕಾಣದಾಗಿತ್ತು. ಅವರ ಜೊತೆ ವಾದ ಮಾಡಲು ಹೋಗಲಿಲ್ಲ. ಅಪ್ಪನ ಕಾಲದ ಅಂಗಡಿ, ಮಗ ಬೆಂಗಳೂರಿನಲ್ಲಿ. ಅವರ ಭಯ ಸುಳ್ಳಲ್ಲ.

ಆದರೆ ಬೆಂಗಳೂರಿನ ಚಿಕ್ಕಪೇಟೆಯನ್ನು ನೋಡಿ. 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ನೆಲದಡಿಯಲ್ಲಿ ಅಲ್ಲಿಗೆ ಬಂತು. ಮೇಲಿನ ಗಲ್ಲಿಗಳು ಕಿರಿದಾಗಿಯೇ ಉಳಿದವು. ಮೆಟ್ಟಿಲು ಹತ್ತಿ ಹೊರಬಂದವರು ನೇರ ಪೇಟೆಯೊಳಗೆ ಕಾಲಿಡುತ್ತಾರೆ. ಪೇಟೆಗಳನ್ನು ಕಟ್ಟಿದ್ದೇ ನಡೆಯುವವರಿಗಾಗಿ. ಎದುರು ಬದಿಯ ಅಂಗಡಿಯವನ ಜೊತೆ ಕೂತಲ್ಲಿಂದಲೇ ಮಾತಾಡುವಷ್ಟು ಅಗಲದ ಬೀದಿಗೆ ನೆರಳೂ ಸಿಗುತ್ತದೆ, ದಾಟುವುದಕ್ಕೆ ಹೆದರಿಕೆಯೂ ಇಲ್ಲ. ಅದನ್ನು ಅಗಲ ಮಾಡಿದರೆ ಮೊದಲು ಹೋಗುವುದು ಅಂಗಡಿಯ ಮುಂಭಾಗ, ಆಮೇಲೆ ನೆರಳು, ಕೊನೆಗೆ ಗಿರಾಕಿ.

ಇನ್ನೊಂದು ಅಪಾಯವಿದೆ. 2017ರಲ್ಲಿ ಕೇಂದ್ರ ಸರ್ಕಾರ ಸಾರಿಗೆ ಆಧಾರಿತ ಅಭಿವೃದ್ಧಿಯ ನೀತಿಯೊಂದನ್ನು ತಂದಿತು. ಮೆಟ್ರೋದಂಥ ಸಾರಿಗೆಯ ನಿಲ್ದಾಣದ ಸುತ್ತ 500ರಿಂದ 800 ಮೀಟರ್, ಅಂದರೆ ಹತ್ತು ಹನ್ನೆರಡು ನಿಮಿಷದ ನಡಿಗೆಯ ವಲಯದಲ್ಲಿ ಹೆಚ್ಚು ಎತ್ತರಕ್ಕೆ ಕಟ್ಟಲು ಅವಕಾಶ ಕೊಡಬೇಕು, ಜನ ಅಲ್ಲೇ ವಾಸ ಮಾಡಿ ಅಲ್ಲೇ ದುಡಿಯಬೇಕು ಎಂಬುದು ಅದರ ಆಶಯ. ಒಳ್ಳೆಯದೇ. ಆದರೆ ನಿಲ್ದಾಣದ ಬಳಿ ನೆಲದ ಬೆಲೆ ಏರಿದಾಗ, ಈಗಾಗಲೇ ಅಲ್ಲಿ ವಾಸವಿದ್ದು ಅಲ್ಲೇ ದುಡಿಯುವವರು ಏನಾಗುತ್ತಾರೆ? ಮಂಡಕ್ಕಿ ಭಟ್ಟಿಗಳ ಹೊಗೆ ಕೆಟ್ಟದ್ದು. ಅದನ್ನು ಮೊದಲು ಕುಡಿಯುವವರು ಭಟ್ಟಿಯ ಮುಂದೆ ನಿಂತವರೇ. ಹೊಗೆ ಹೋಗಲಿ. ಆದರೆ ಭಟ್ಟಿಯನ್ನೇ ದೂರಕ್ಕೆ ಸಾಗಿಸಿದರೆ ನಸುಕಿನಲ್ಲಿ ಮನೆಯಿಂದ ನಡೆದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ನಡಿಗೆಯೇ ಹೋಗುತ್ತದೆ. ನಡೆಯುವ ಊರೆಂದರೆ ಫುಟ್‌ಪಾತ್ ಇರುವ ಊರು ಎಂಬಷ್ಟೇ ಅರ್ಥವಲ್ಲ. ನಡೆದು ತಲುಪುವಷ್ಟು ಹತ್ತಿರದಲ್ಲಿ ಕೆಲಸ ಇರುವ ಊರು ಎಂದೂ ಅರ್ಥ.

ಗಾಡಿಯವರ ವಿಷಯವೂ ಇದೇ. ಫುಟ್‌ಪಾತ್ ತೆರವು ಎಂದರೆ ಮೊದಲು ಕಣ್ಣಿಗೆ ಬೀಳುವುದು ಮಿರ್ಚಿ ಮಂಡಕ್ಕಿ ಗಾಡಿ, ಹೂವಿನ ಬುಟ್ಟಿ. ಬೈಕುಗಳ ಸಾಲು ಅಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಪ್ರತಿ ಊರಲ್ಲೂ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40 ಜನ ಬೀದಿ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಅವರನ್ನು ಕೇಳಿ ಜಾಗ ಗುರುತಿಸುವುದು ಆಗದ ಕೆಲಸವಲ್ಲ. ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ 1961ರಲ್ಲೇ, ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು ಎಂದು ವಾದಿಸಿದ್ದಳು. ನನಗೆ ಅದು ಓದಿ ತಿಳಿಯಬೇಕಾದ ಮಾತಾಗಿರಲಿಲ್ಲ. ರಾತ್ರಿ ಒಂಬತ್ತರ ಮೇಲೆ ರೈಲಿಳಿದು ಒಬ್ಬಳೇ ನಡೆಯುವಾಗ ನಾನು ಹುಡುಕುವುದು ಬೀದಿದೀಪದ ಕಂಬವನ್ನಲ್ಲ, ಗಾಡಿಯ ಬಲ್ಬನ್ನು. ಬಲ್ಬಿನ ಕೆಳಗೆ ಮನುಷ್ಯರಿರುತ್ತಾರೆ.

ದಾವಣಗೆರೆಯಲ್ಲಿ ಆದದ್ದು ನಾಳೆ ಈ ನಾಲ್ಕು ಪಟ್ಟಣಗಳಲ್ಲೂ ಆಗಲಿದೆ. ತಾಲ್ಲೂಕು ಕೇಂದ್ರಗಳಲ್ಲಿ ಅಭಿವೃದ್ಧಿ ಎಂದರೆ ಎರಡೇ ಅರ್ಥ: ಮುಖ್ಯರಸ್ತೆಯ ವಿಸ್ತರಣೆ, ಊರ ಹೊರಗೆ ಜಾಗ ಸಿಕ್ಕಲ್ಲಿ ಸರ್ಕಾರಿ ಕಚೇರಿ. ಪಿಂಚಣಿಗೆ ಬಂದ ಮುದುಕ ಬಸ್ಸಿಳಿದು ಬಿಸಿಲಲ್ಲಿ ಎಷ್ಟು ದೂರ ನಡೆಯಬೇಕೆಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನ್ಯಾಮತಿ ಹೊಸ ತಾಲ್ಲೂಕು, ಅಲ್ಲಿ ಇನ್ನೂ ಕಟ್ಟುವುದು ಬಹಳವಿದೆ. ನನ್ನ ಕೋರಿಕೆ ದೊಡ್ಡದಲ್ಲ. ಇನ್ನು ಮುಂದೆ ಯಾವ ಕಚೇರಿ, ಯಾವ ಆಸ್ಪತ್ರೆ ಕಟ್ಟಿದರೂ ಅದು ಬಸ್ ನಿಲ್ದಾಣದಿಂದ 500 ಮೀಟರಿನೊಳಗೆ ಇರಲಿ. ಆಗದಿದ್ದರೆ, ಅಲ್ಲಿಗೆ ಹೋಗುವ ದಾರಿಯ ಖರ್ಚೂ ಕಟ್ಟಡದ ಅಂದಾಜುಪಟ್ಟಿಯಲ್ಲೇ ಸೇರಲಿ. ಮತ್ತು ಕಾಮಗಾರಿ ಮುಗಿಯಿತೆಂದು ಸಹಿ ಹಾಕುವ ಮುಂಚೆ ಎಂಜಿನಿಯರರು ಒಂದು ಸಲ, ಒಂದು ಮಧ್ಯಾಹ್ನ, ಕೈಯಲ್ಲಿ ಐದು ಕೆಜಿ ಚೀಲ ಹಿಡಿದು ಆ ದಾರಿಯಲ್ಲಿ ನಡೆದು ಬರಲಿ.