ಕನ್ನ ಹಾಕದ ಕಳ್ಳ

ರಾತ್ರಿ ಅಂಗಡಿಯ ಷಟರ್ ಎಳೆದ ಮೇಲೆ ಬೀಗವನ್ನು ಮೂರು ಸಲ ಜಗ್ಗಿ ನೋಡದ ವ್ಯಾಪಾರಿ ಇರಲಿಕ್ಕಿಲ್ಲ. ಜಗ್ಗಿದರೂ ತೀರದ ಅನುಮಾನವನ್ನು ಆತ ವಿಮಾ ಕಂಪನಿಗೆ ಒಪ್ಪಿಸುತ್ತಾನೆ. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟಿ, ಪಾಲಿಸಿಗೆ ಅರಿಶಿನ ಕುಂಕುಮ ಹಚ್ಚಿ, ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿ ಪಟದ ಹಿಂದೆ ಇಟ್ಟರೆ ಕೆಲಸ ಮುಗಿಯಿತು. ಲಕ್ಷ್ಮಿ ಅದನ್ನು ಓದಿದ್ದಾಳೋ ಇಲ್ಲವೋ, ಆತನಂತೂ ಓದಿರುವುದಿಲ್ಲ.

ಓದುವ ದಿನ ಬರುವುದು ಕಳ್ಳ ಬಂದು ಹೋದ ಮೇಲೆ. ಆಗ ಕಂಪನಿಯವರು ಮೊದಲು ಕೇಳುವುದು ಎಷ್ಟು ಹೋಯಿತು ಎಂದಲ್ಲ. ಬೀಗ ಮುರಿದಿತ್ತೆ, ಗೋಡೆ ಕೊರೆದಿತ್ತೆ ಎಂದು. ಕಳವೇ ಬೇರೆ, ಕನ್ನವೇ ಬೇರೆ. ಅಂಗಡಿಗಳಿಗೆ ಸಾಮಾನ್ಯವಾಗಿ ಮಾರುವ ‘ಬರ್ಗ್ಲರಿ’ ಪಾಲಿಸಿ ಕನ್ನದ್ದು. ಬಲಪ್ರಯೋಗದ ಕುರುಹು ಬೇಕು. ನಕಲಿ ಕೀಲಿಯಿಂದ ಸದ್ದಿಲ್ಲದೆ ಬಂದವನು, ಹಗಲಲ್ಲೇ ಗಿರಾಕಿಯಂತೆ ನಿಂತು ಎತ್ತಿಕೊಂಡು ಹೋದವನು ಅನೇಕ ಪಾಲಿಸಿಗಳ ಲೆಕ್ಕದಲ್ಲಿ ಕಳ್ಳನೇ ಅಲ್ಲ. ಕೆಲಸದವನೇ ಕದ್ದರೆ ಅದಕ್ಕೆ ‘ಫಿಡೆಲಿಟಿ ಗ್ಯಾರಂಟಿ’ ಎಂಬ ಬೇರೆ ಪಾಲಿಸಿ. ಇತ್ತ ಮಾಲು ಸಾಲದ್ದು. ಬ್ಯಾಂಕಿನ ಕಂತು ಕಳ್ಳ ಹೇಗೆ ಬಂದನೆಂದು ವಿಚಾರಿಸುವುದಿಲ್ಲ.

ಈ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಬಲಪ್ರಯೋಗದ ಗುರುತಿಲ್ಲದ ಒಂದು ಕಳವಿನ ಪ್ರಕರಣ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಗೆದ್ದಿದ್ದ ವ್ಯಾಪಾರಿ 2004ರಲ್ಲಿ ಅಲ್ಲಿ ಸೋತ. ವಿಮೆಯೆಂಬುದು ಒಂದು ಕರಾರು. ಬರ್ಗ್ಲರಿಗೆ ಪಾಲಿಸಿ ಕೊಟ್ಟ ಅರ್ಥವೇ ಅರ್ಥ, ಬೇರೆ ಕಡೆಯಿಂದ ಕಡ ತರುವಂತಿಲ್ಲ ಎಂದಿತು ನ್ಯಾಯಾಲಯ. ಜೊತೆಗೆ, ಇಷ್ಟು ಬಿಗಿಯಾದ ಷರತ್ತು ಸಾಮಾನ್ಯ ಮನುಷ್ಯನಿಗೆ ತಿಳಿಯುವುದು ಕಷ್ಟ, ಕಂಪನಿ ಅದನ್ನು ತಿದ್ದಬೇಕು ಎಂದೂ ಹೇಳಿತು. ಸೋತವನಿಗೆ ಸಿಕ್ಕಿದ್ದು ಅನುಕಂಪ, ಮಾಲಿನ ಬೆಲೆಯಲ್ಲ.

ವ್ಯಾಪಾರಿಯ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಗ್ರಾಹಕನಿಗೆ ತಿಳಿಸದೆ ಉಳಿಸಿಕೊಂಡ ಷರತ್ತನ್ನು ತೋರಿಸಿ ಹಣ ನಿರಾಕರಿಸುವಂತಿಲ್ಲವೆಂದು ಅದೇ ಕೋರ್ಟು 2000ದಲ್ಲಿ ಹೇಳಿದೆ. ಎರಡರ್ಥದ ವಾಕ್ಯವನ್ನು ಅದನ್ನು ಬರೆದ ಕಂಪನಿಯ ವಿರುದ್ಧವೇ ಓದುವುದು ನ್ಯಾಯಾಲಯಗಳ ವಾಡಿಕೆ. ಆದರೆ ಸ್ಪಷ್ಟವಾಗಿ ಅಚ್ಚಾಗಿ, ಕೈಗೆ ಬಂದು, ಪಟದ ಹಿಂದೆ ಕೂತ ಸಾಲಿಗೆ ಈ ಮದ್ದು ನಾಟುವುದಿಲ್ಲ.

ಒಂದಿಷ್ಟು ಹೆಚ್ಚು ಪ್ರೀಮಿಯಂ ಕಟ್ಟಿ ಬರಿಯ ಕಳವನ್ನೂ ಸೇರಿಸಿಕೊಳ್ಳುವ ಅವಕಾಶ ಕೆಲವು ಪಾಲಿಸಿಗಳಲ್ಲಿ ಉಂಟು. ಆದ್ದರಿಂದ ಸಹಿ ಹಾಕುವ ಮೊದಲು ಏಜೆಂಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಬೀಗ ಮುರಿಯದ ಕಳ್ಳ ಬಂದರೆ?’ ಉತ್ತರವನ್ನು ಮಾತ್ರ ಬಾಯಲ್ಲಲ್ಲ, ಕಾಗದದಲ್ಲಿ ಪಡೆಯಬೇಕು.