ಹತ್ತು ಹೆಜ್ಜೆ ದೂರದ ಗೋಡೆ

ಸಕಲೇಶಪುರದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ ನಮ್ಮ ಅಂಗಡಿ. ಎದುರಿಗೆ ಕಾಫಿ ಗೋದಾಮಿನ ಹಿಂಬದಿಯ ಗೋಡೆ. ಸುಣ್ಣ ಬಳಿದ ಆ ಗೋಡೆಯ ಮೇಲೆ, ಸೊಂಟಕ್ಕಿಂತ ಒಂದು ಗೇಣು ಎತ್ತರದಲ್ಲಿ, ಇದ್ದಿಲಿನಿಂದ ಎಳೆದ ಎರಡು ಅಡ್ಡಗೀಟುಗಳಿದ್ದವು. ಕೆಳಗಿನದು ಜಾವಾ-ಯೆಜ್ಡಿಯದು, ಮೇಲಿನದು ಬುಲೆಟ್ಟಿನದು. ಪ್ರತಿ ಮಳೆಗಾಲಕ್ಕೂ ಅಳಿಸಿಹೋಗುವ ಆ ಗೀಟುಗಳನ್ನು ಆಯುಧಪೂಜೆಗೆ ಮುಂಚೆ ಮತ್ತೆ ಎಳೆಯುವುದು ನನ್ನ ಕೆಲಸ. 1984ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯಲು ಬಂದವನಿಗೆ ಸಿಕ್ಕ ಮೊದಲ ಜವಾಬ್ದಾರಿ ಅದೇ.

ಆ ಕಾಲದ ಗಿರಾಕಿಗಳಲ್ಲಿ ಹೆಚ್ಚಿನವರು ತೋಟದ ಲೆಕ್ಕ ನೋಡುವ ರೈಟರುಗಳು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಹೊರಬಿಟ್ಟ ಗಾಡಿಗಳು, ಆಮೇಲೆ 1973ರಿಂದ ಬಂದ ಯೆಜ್ಡಿಗಳು ಮಲೆನಾಡಿನ ತೋಟ ತೋಟಕ್ಕೂ ಹೋಗಿದ್ದವು. ವಾರದ ಬಟವಾಡೆಗೆ ಪೇಟೆಗೆ ಬಂದು, ಬ್ಯಾಂಕು, ಸೊಸೈಟಿ, ದಿನಸಿ ಎಲ್ಲ ಮುಗಿಸುವಷ್ಟರಲ್ಲಿ ಕತ್ತಲು. ಅಲ್ಲಿಂದ ಹೆತ್ತೂರಿನ ಕಡೆಗೋ ಹಾನುಬಾಳಿನ ಕಡೆಗೋ ಒಬ್ಬರೇ ಹೋಗಬೇಕು. ಕಾವಳ ಕವಿದ ರಸ್ತೆ, ಎರಡೂ ಕಡೆ ಸಿಲ್ವರ್ ಓಕ್ ಮರ, ಯಾವ ತಿರುವಿನಲ್ಲಿ ಆನೆ ನಿಂತಿದೆಯೋ ಗೊತ್ತಿಲ್ಲ. ಹೀಗಾಗಿ ಬಂದವರ ಬಾಯಲ್ಲಿ ಮೊದಲ ಮಾತೇ ‘ಬೆಳಕು ಸಾಲಲ್ಲ ಮಾರಾಯ್ರೆ, ದೊಡ್ಡ ಬಲ್ಬು ಹಾಕ್ಕೊಡಿ.’

ನಮ್ಮ ಉಸ್ತಾದರು ಬಲ್ಬಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ. ಮೊದಲು ಹೆಡ್‌ಲೈಟಿನ ಡೂಮ್ ಬಿಚ್ಚಿ ರಿಫ್ಲೆಕ್ಟರನ್ನು ಬಿಸಿಲಿಗೆ ಹಿಡಿಯುತ್ತಿದ್ದರು. ಮಲೆನಾಡಿನ ತೇವಕ್ಕೆ ಅದರ ಬೆಳ್ಳಿ ಬಣ್ಣ ಅಲ್ಲಲ್ಲಿ ಕಿತ್ತು ತುಕ್ಕಿನ ಕಲೆ ಬಿದ್ದಿರುತ್ತಿತ್ತು. ಹತ್ತಿಯಲ್ಲಿ ಮೆಲ್ಲಗೆ ಒರೆಸಬೇಕು, ಬಟ್ಟೆ ತಗಲಿಸಿದರೆ ಬೈಗುಳ. ಆಮೇಲೆ ಹೋಲ್ಡರಿನ ಸ್ಪ್ರಿಂಗು, ಸ್ವಿಚ್ಚಿನ ತಾಮ್ರದ ಪಟ್ಟಿ, ಕಡೆಗೆ ಅರ್ತ್. ಅರ್ತ್ ತಂತಿ ಚಾಸಿಗೆ ಸೇರುವ ಬೋಲ್ಟನ್ನು ಬಿಚ್ಚಿ, ಅಡಿಯ ಪೇಂಟು-ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ಫಳಫಳ ಮಾಡಿ ಮತ್ತೆ ಬಿಗಿದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಸಲ ಅದೇ ಹಳೇ ಬಲ್ಬು ಎಷ್ಟು ಚೆನ್ನಾಗಿ ಉರಿಯುತ್ತಿತ್ತೆಂದರೆ, ಗಿರಾಕಿ ಹೊಸ ಬಲ್ಬಿನ ದುಡ್ಡು ಎಣಿಸಿಕೊಡಲು ಬರುತ್ತಿದ್ದ. ಉಸ್ತಾದರು ಬೇಡ ಎನ್ನುತ್ತಿದ್ದರು. ನನಗೆ ಆಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಲೆಕ್ಕ ಅರ್ಥವಾಗಿದ್ದು ಆಮೇಲೆ, ಗಣಿತದಲ್ಲಿ ಫೇಲಾದವನಿಗೂ ಅರ್ಥವಾಗುವಷ್ಟು ಸುಲಭದ ಲೆಕ್ಕ. ಆಗಿನ ಗಾಡಿಗಳೆಲ್ಲ 6 ವೋಲ್ಟಿನವು. 35 ವ್ಯಾಟಿನ ಬಲ್ಬು ಉರಿಯಲು ಆ ಸಣ್ಣ ತಂತಿಗಳಲ್ಲಿ ಹೆಚ್ಚುಕಡಿಮೆ 6 ಆಂಪಿಯರ್ ಕರೆಂಟು ಹರಿಯಬೇಕು. ದಾರಿಯಲ್ಲಿ ತುಕ್ಕು, ಸಡಿಲ ಜೋಡಣೆ ಎಂದು ಬರೀ ಅರ್ಧ ವೋಲ್ಟು ಸೋರಿದರೂ ಸಾಕು, ಬೆಳಕಿನಲ್ಲಿ ಕಾಲುಭಾಗ ಹೋಯಿತು. ತಂತಿಯ ಬಲ್ಬುಗಳ ಗುಣವೇ ಹಾಗೆ, ವೋಲ್ಟು ಒಂದು ಮೆಟ್ಟಿಲು ಇಳಿದರೆ ಬೆಳಕು ಮೂರು ಮೆಟ್ಟಿಲು ಇಳಿಯುತ್ತದೆ. ದೊಡ್ಡ ಬಲ್ಬು ಹಾಕಿದರೆ ಇನ್ನಷ್ಟು ಕರೆಂಟು, ಇನ್ನಷ್ಟು ಸೋರಿಕೆ. ಜೊತೆಗೆ ಹಳೇ ಜಾವಾದ ಡೈನಮೋ ಕೊಡುವುದೇ 45 ವ್ಯಾಟಿನ ಆಸುಪಾಸು. ಅದರಲ್ಲೇ ಇಗ್ನಿಷನ್ ಕಾಯಿಲ್, ಹಿಂದಿನ ದೀಪ, ಹಾರ್ನು ಎಲ್ಲ ಬದುಕಬೇಕು. ‘ತಂಬಿಗೆ ನೀರಿಗೆ ಹಂಡೆ ತಂದರೆ ನೀರು ಹೆಚ್ಚಾಗ್ತದಾ?’ ಎನ್ನುತ್ತಿದ್ದರು ಉಸ್ತಾದರು.

ಕೊನೆಯಲ್ಲಿ ಗೋಡೆ. ಸಂಜೆ ಮಬ್ಬಿಗೆ ಗಾಡಿಯನ್ನು ಗೋಡೆಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಸ್ಟ್ಯಾಂಡು ತೆಗೆದು, ಮಾಲೀಕನನ್ನೇ ಮೇಲೆ ಕೂರಿಸುವುದು. ಡಿಮ್ ಮಾಡಿದರೆ ಬೆಳಕಿನ ಮೇಲಂಚು ಗೀಟಿನ ಕೆಳಗೇ ನಿಲ್ಲಬೇಕು. ಫೋಕಸ್ ಇಡೋದು ಎಂದರೆ ಇದು. ಅಷ್ಟರಲ್ಲಿ ಉಸ್ತಾದರ ತಪ್ಪದ ಪ್ರಶ್ನೆ ಬರುತ್ತಿತ್ತು: ‘ಹಿಂದೆ ಯಾರು ಕೂರ್ತಾರೆ?’ ಹಿಂದೆ ಭಾರ ಬಿದ್ದರೆ ಗಾಡಿಯ ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ, ಬೆಳಕು ಎದುರಿನವನ ಕಣ್ಣಿಗೆ ಹೋಗುತ್ತದೆ. ಹೆಂಡತಿ ಕೂರ್ತಾಳೆ ಎಂದರೆ ನನ್ನನ್ನು ಹತ್ತಿಸುತ್ತಿದ್ದರು. ಅಕ್ಕಿ ಮೂಟೆ ಎಂದರೂ ನನ್ನನ್ನೇ. ಹಾಗೆ ಆ ಊರಿನ ಎಷ್ಟು ಮನೆಯ ಹೆಂಗಸರ ಬದಲಿಗೆ ನಾನು ಹಿಂದಿನ ಸೀಟಿನಲ್ಲಿ ಕುಳಿತಿದ್ದೇನೋ ಲೆಕ್ಕವಿಲ್ಲ. ಎಲ್ಲ ಮುಗಿದ ಮೇಲೆ ಗಾಜಿನ ಮೇಲ್ಭಾಗಕ್ಕೆ ಒಂದಿಷ್ಟು ಕಪ್ಪು ಬಣ್ಣ ಹಚ್ಚುವುದೂ ಇತ್ತು, ಎದುರಿನವರಿಗೆ ಕುಕ್ಕದಿರಲಿ ಎಂದು.

ಆಮೇಲೆ ಜಪಾನಿನ ಗಾಳಿ ಬೀಸಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ರೈಟರುಗಳ ಮಕ್ಕಳು ಅಪ್ಪನ ಯೆಜ್ಡಿಯನ್ನು ಕೊಟ್ಟಿಗೆಗೆ ತಳ್ಳಿ ಇವನ್ನು ತಂದರು. ಪೆಟ್ರೋಲು ಉಳಿಯಿತು, ಕಿಕ್ ಹಗುರವಾಯಿತು. ಹೆಡ್‌ಲೈಟಿನದು ಮಾತ್ರ ಹೊಸ ತರದ ಗೋಳು. ಇಂಥ ಗಾಡಿಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಹಂಗಿಲ್ಲ, ಮ್ಯಾಗ್ನೆಟ್ ಕಾಯಿಲಿನಿಂದ ನೇರ ಕರೆಂಟು. ಎಂಜಿನ್ ಓಡಿದಷ್ಟು ಬೆಳಕು. ಆಕ್ಸಿಲರೇಟರ್ ಬಿಟ್ಟರೆ ಬೆಳಕು ಬಾಡಿದ ಸೇವಂತಿಗೆ. ಘಟ್ಟದ ತಿರುವಿನಲ್ಲಿ, ಎಲ್ಲಿ ಕಣ್ಣು ಹೆಚ್ಚು ಕಾಣಬೇಕೋ ಅಲ್ಲೇ ವೇಗ ತಗ್ಗಿಸಬೇಕು, ಅಲ್ಲೇ ಕತ್ತಲೆ.

ಒಮ್ಮೆ ಹೆತ್ತೂರು ಕಡೆಯ ಹುಡುಗನೊಬ್ಬ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಹಿಂದಿನ ರಾತ್ರಿ ರಸ್ತೆಯಲ್ಲಿ ಒಂಟಿ ಸಲಗ ಎದುರಾಗಿದೆ. ಸುಮ್ಮನೆ ನಿಂತರೆ ಲೈಟು ಮಂಕಾಗಿ ಆನೆ ಎಲ್ಲಿದೆ ಎಂದೇ ಕಾಣದು. ಕಾಣಲಿ ಎಂದು ಎಂಜಿನ್ ರೈಸ್ ಮಾಡಿದರೆ ಆ ಸದ್ದಿಗೆ ಆನೆ ಕಿವಿ ಅಗಲಿಸುತ್ತದೆ. ಅರ್ಧ ಗಂಟೆ ಹೀಗೇ ಕಣ್ಣಾಮುಚ್ಚಾಲೆ ಆಡಿ, ಆನೆಯೇ ಬೇಸತ್ತು ತೋಟಕ್ಕೆ ಇಳಿಯಿತಂತೆ. ‘ಬ್ಯಾಟರಿಗೆ ಕೊಟ್ಬಿಡಿ ಅಣ್ಣ, ಎಷ್ಟಾದ್ರೂ ಆಗ್ಲಿ’ ಎಂದ. ಅಂದಿನಿಂದ ನಮ್ಮಲ್ಲಿ ಕಾಯಿಲನ್ನು ಬಿಚ್ಚಿ, ಅರ್ತಿನ ತುದಿಯನ್ನು ಬೇರ್ಪಡಿಸಿ ಹೊಸ ತಂತಿ ಹೊರತೆಗೆದು, ದೊಡ್ಡ ರೆಕ್ಟಿಫೈಯರ್ ಕೂರಿಸಿ ಹೆಡ್‌ಲೈಟನ್ನು ಬ್ಯಾಟರಿಗೆ ಬದಲಿಸುವ ಕೆಲಸ ಶುರುವಾಯಿತು. ದಿನಪೂರ್ತಿ ಹಿಡಿಯುವ ಕೆಲಸ. ಮಾಡಿದ ಮೇಲೆ ಎಂಜಿನ್ ಮೆಲ್ಲಗೆ ತಿರುಗುತ್ತಿದ್ದರೂ ಬೆಳಕು ನೆಟ್ಟಗೆ ನಿಲ್ಲುತ್ತಿತ್ತು. ನಾನು ಬೀಗಿದ್ದರೆ ಆ ಕೆಲಸಕ್ಕೆ ಮಾತ್ರ.

ಹ್ಯಾಲೊಜೆನ್ ನಮ್ಮಲ್ಲಿಗೆ ಬಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ, ನನ್ನ ಬಗಲುಚೀಲದಲ್ಲಿ. ಮಾಮೂಲಿ ಬಲ್ಬಿನಲ್ಲಿ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಮೆತ್ತಿ ಬುರುಡೆ ಕಪ್ಪಾಗುತ್ತದೆ. ಇದರಲ್ಲಿ ತುಂಬಿದ ಅನಿಲ ಆ ಟಂಗ್‌ಸ್ಟನ್ನನ್ನು ಹಿಡಿದು ತಂದು ಮತ್ತೆ ತಂತಿಗೇ ಸೇರಿಸುತ್ತದೆ. ಹಾಗಾಗಿ ತಂತಿಯನ್ನು ಹೆಚ್ಚು ಕಾಯಿಸಬಹುದು, ಬೆಳಕು ಬೆಳ್ಳಗೆ. ಇಷ್ಟು ವಿದ್ಯೆಯನ್ನು ಅಂಗಡಿಯವರಿಂದ ಕೇಳಿಕೊಂಡು ಬಂದವನು ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದನ್ನು ಕೇಳಿಸಿಕೊಂಡಿರಲಿಲ್ಲ. ಮೊದಲ ಎರಡು ಬಲ್ಬುಗಳನ್ನು ಗ್ರೀಸು ಕೈಯಲ್ಲೇ ಹಿಡಿದು ಕೂರಿಸಿದೆ. ಎಣ್ಣೆ ಅಂಟಿದ ಕಡೆ ಗಾಜು ಅತಿಯಾಗಿ ಕಾದು ಎರಡೂ ವಾರದೊಳಗೆ ಒಡೆದವು. ಉಸ್ತಾದರು ಏನೂ ಅನ್ನಲಿಲ್ಲ. ಮರುದಿನದಿಂದ ಬಲ್ಬಿನ ಡಬ್ಬದ ಮೇಲೆ ಹಳೇ ಪೇಪರಿನ ಚೂರುಗಳನ್ನು ಇಟ್ಟಿರುತ್ತಿದ್ದರು, ಅಷ್ಟೆ.

12 ವೋಲ್ಟಿನ ಬುಲೆಟ್ಟಿನವರಿಗೆ 60/55 ವ್ಯಾಟಿನ ಎಚ್4 ಬಲ್ಬು ಸಾಕಾಗಿತ್ತು. ಆದರೆ ಜೆ.ಸಿ. ರಸ್ತೆಯಲ್ಲಿ ‘ನೈಂಟಿ-ಹಂಡ್ರೆಡ್’ ಎಂಬುದೊಂದು ಸಿಗುತ್ತಿತ್ತು, ಹೈಗೆ 100 ವ್ಯಾಟು, ಡಿಮ್ಮಿಗೆ 90. ಅದನ್ನು ಕೇಳಿಕೊಂಡು ಬರುವವರೇ ಎಲ್ಲ. ಬೈಕಿನ ಸ್ವಿಚ್ಚಿಗೆ ಅಷ್ಟು ಕರೆಂಟು ತಡೆಯುವ ತಾಕತ್ತಿಲ್ಲ. ಒಬ್ಬ ತೋಟಗಾರರ ಮಗ ನಾವು ಬೇಡವೆಂದದ್ದಕ್ಕೆ ಬೇರೆ ಕಡೆ ಹಾಕಿಸಿಕೊಂಡು, ಮೂರೇ ದಿನಕ್ಕೆ ಹ್ಯಾಂಡಲಿನ ಸ್ವಿಚ್ಚು ಜೇನುಮೇಣದಂತೆ ಕರಗಿ ಹೊಗೆಯಾಡಲು ಗಾಡಿಯನ್ನು ನಮ್ಮಲ್ಲಿಗೇ ತಳ್ಳಿಕೊಂಡು ಬಂದ. ಉಸ್ತಾದರು ಕಾರಿನ ಹಾರ್ನಿಗೆ ಹಾಕುವ ರಿಲೇ ಎರಡನ್ನು ತೆಗೆದು, ಬ್ಯಾಟರಿಯಿಂದ ದಪ್ಪ ತಂತಿ ಎಳೆದು, ಫ್ಯೂಸ್ ಹಾಕಿ, ಪಿಂಗಾಣಿ ಹೋಲ್ಡರ್ ಕೂರಿಸಿದರು. ‘ಸ್ವಿಚ್ಚು ಬರೀ ಅಪ್ಪಣೆ ಕೊಡ್ಬೇಕು, ಹೊರೆ ಹೊರಬಾರ್ದು’ ಎಂದರು. ಬಲ್ಬನ್ನೂ ಬದಲಿಸಿ 60/55 ಹಾಕಿದ್ದು ಆ ಹುಡುಗನಿಗೆ ಗೊತ್ತಾಗಲೇ ಇಲ್ಲ. ನೂರು ವ್ಯಾಟು ಅಂದರೆ ನೂರು ವ್ಯಾಟೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಉಸ್ತಾದರು ತೀರಿಕೊಂಡ ಮೇಲೆ ಅಂಗಡಿ ನನ್ನ ಪಾಲಿಗೆ ಬಂತು. ಆ ವರ್ಷಗಳಲ್ಲೇ ಎಚ್‌ಐಡಿ ಎಂಬ ನೀಲಿ ಬೆಳಕು ಬಂದುಹೋಯಿತು. ನಮ್ಮ ಮಂಜಿಗೆ ಅದು ಒಗ್ಗಲಿಲ್ಲ, ಮುಂದೆ ಬಿಳಿ ಪಂಚೆ ಒಣಹಾಕಿದ ಹಾಗೆ. ಮಂಜಿನಲ್ಲಿ ಬೆಳಕು ಹೆಚ್ಚಿಸಿದಷ್ಟೂ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಹಿಂದಿನವರು ಸುಮ್ಮನೆ ಡಿಮ್ಮಿಗೆ ಹಾಕಿ, ಗಾಜಿಗೆ ಹಳದಿ ಜಿಲೇಟಿನ್ ಹಾಳೆ ಕಟ್ಟಿಕೊಂಡು, ರಸ್ತೆಯ ಅಂಚು ನೋಡುತ್ತ ಹೋಗಿಬಿಡುತ್ತಿದ್ದರು.

ಆಮೇಲೆ ಬಂದ ಎಲ್‌ಇಡಿ ಮಾತ್ರ ಹೋಗಲು ಬಂದದ್ದಲ್ಲ. ಇನ್ನೂರು-ಮುನ್ನೂರು ರೂಪಾಯಿಗೆ, ಹಿಂದೆ ಪುಟ್ಟ ಫ್ಯಾನು ಕಟ್ಟಿಕೊಂಡ ಬಲ್ಬು. ಹಳೇ ಹೋಲ್ಡರಿಗೇ ಕೂರುತ್ತದೆ, ಕೂರದಿದ್ದರೆ ಕಿವಿಯನ್ನು ಅರದಿಂದ ಉಜ್ಜಿದರಾಯಿತು. ಕರೆಂಟು ಕಮ್ಮಿ, ಬೆಳಕು ಹಗಲಿನಂತೆ, ಕೆಲಸ ಐದು ನಿಮಿಷ. ನಾನೂ ಡಬ್ಬಗಟ್ಟಲೆ ತಂದು ಮಾರಿದೆ. ಅರ್ತ್ ಉಜ್ಜುವ ಕೆಲಸ ನಿಂತೇಹೋಯಿತು. ಗೋಡೆಯ ಗೀಟು ಯಾವ ಮಳೆಗಾಲದಲ್ಲಿ ಅಳಿಸಿತೋ, ಮತ್ತೆ ಎಳೆಯಲಿಲ್ಲ.

ಗೊತ್ತಿಲ್ಲದೆ ಮಾರಿದೆ ಎಂದು ಹೇಳಿದರೆ ಸುಳ್ಳಾದೀತು. ಎಚ್4 ಬಲ್ಬಿನ ಡಿಮ್ ತಂತಿಯ ಕೆಳಗೆ ಚಮಚೆಯಂಥ ಸಣ್ಣ ತಗಡೊಂದಿದೆ. ಅದು ಬೆಳಕನ್ನು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಹಾಗಾಗಿಯೇ ಡಿಮ್ಮಿನ ಬೆಳಕು ರಸ್ತೆಗೆ ಮಾತ್ರ ಬೀಳುವುದು. ಅಗ್ಗದ ಎಲ್‌ಇಡಿಯಲ್ಲಿ ತಂತಿ ಇರಬೇಕಾದ ಜಾಗದಲ್ಲಿ ಬೆಳಕಿನ ಚೂರು ಇರುವುದಿಲ್ಲ, ಎಷ್ಟೋ ಸಲ ಆ ಚಮಚೆಯೂ ಇಲ್ಲ. ಬೆಳಕು ಮರಕ್ಕೆ, ಆಕಾಶಕ್ಕೆ, ಎದುರಿನವನ ಮುಖಕ್ಕೆ ಚೆಲ್ಲಾಪಿಲ್ಲಿ. ಗೋಡೆಯ ಮುಂದೆ ಒಂದು ಸಲ ನಿಲ್ಲಿಸಿದ್ದರೂ ಕಂಡುಬಿಡುತ್ತಿತ್ತು. ನಿಲ್ಲಿಸಲಿಲ್ಲ.

ಒಂದು ರಾತ್ರಿ ಹಾನುಬಾಳಿನಿಂದ ಬರುವಾಗ ಎದುರಿಂದ ಬಂದ ಬೆಳಕಿಗೆ ಕಣ್ಣು ಮುಚ್ಚಿಹೋಗಿ ನಾನು ಗಾಡಿಸಮೇತ ಚರಂಡಿಯಲ್ಲಿದ್ದೆ. ಬೆಳಕಿನವನು ನಿಲ್ಲಿಸಿ ಓಡಿಬಂದ. ‘ಅಯ್ಯೋ ಅಣ್ಣ, ನೀವಾ! ಮೊನ್ನೆ ನೀವೇ ಹಾಕ್ಕೊಟ್ರಲ್ಲ, ಸೂಪರ್ ಆಗಿದೆ’ ಎನ್ನುತ್ತ ಕೈಹಿಡಿದು ಎತ್ತಿದ. ಮಂಡಿ ಹೊಲಿಸಿಕೊಂಡು ಮನೆಯಲ್ಲಿದ್ದ ವಾರ ಉಸ್ತಾದರ ನೆನಪು ಬಹಳ ಬಂತು. ಆಮೇಲೆ ಮಾರುವುದನ್ನು ಬಿಟ್ಟೆನೇ ಎಂದರೆ, ಒಮ್ಮೆಲೇ ಬಿಡಲಿಲ್ಲ. ಡಬ್ಬದಲ್ಲಿದ್ದ ಮಾಲು ಖಾಲಿಯಾಗಬೇಕಿತ್ತು.

2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚೇ ಮಾಯವಾಯಿತು. ಎಂಜಿನ್ ಶುರುವಾದರೆ ದೀಪವೂ ಶುರು. ಆ ವರ್ಷವೆಲ್ಲ ಹೊಸ ಗಾಡಿಯವರಿಗೆ ದಾರಿಹೋಕರು ಐದು ಬೆರಳು ಕೂಡಿಸಿ ಬಿಡಿಸಿ ‘ಲೈಟು, ಲೈಟು’ ಎಂದು ಸನ್ನೆ ಮಾಡಿದ್ದೇ ಮಾಡಿದ್ದು. ಸನ್ನೆಗೆ ಉತ್ತರ ಹೇಳಿ ಸುಸ್ತಾಗಿದೆ, ಒಂದು ಸ್ವಿಚ್ಚು ಹಾಕಿಕೊಡಿ ಎಂದು ನನ್ನಲ್ಲಿಗೆ ಬಂದವರೂ ಇದ್ದರು. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸಿಕೊಂಡವರ ಮೇಲೆ ಕೇಸು ಹಾಕಲು ಹೊರಟಾಗ, ಹಾಕಿಸಿಕೊಂಡವರೇ ಬಿಚ್ಚಿಸಲು ಸಾಲಾಗಿ ನಿಂತರು. ಬಿಚ್ಚುವ ಕೂಲಿ ಹಾಕುವ ಕೂಲಿಯಷ್ಟೇ ಇಟ್ಟೆ. ಈಗಿನ ಎಷ್ಟೋ ಗಾಡಿಗಳಲ್ಲಿ ಬಲ್ಬೇ ಇಲ್ಲ, ದೀಪ ಕೆಟ್ಟರೆ ಇಡೀ ಡೂಮ್ ತೆಗೆದು ಬಿಸಾಡಬೇಕು. ನನ್ನ ಕೈಗೆ ಅಲ್ಲಿ ಕೆಲಸವಿಲ್ಲ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ಒಬ್ಬ ಹುಡುಗ ಅಜ್ಜನ ಯೆಜ್ಡಿಯನ್ನು ಮಿನಿ ಲಾರಿಯಲ್ಲಿ ಹಾಕಿಕೊಂಡು ಬಂದ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು, ಗಾಡಿ ಅದಕ್ಕೂ ಹದಿನೈದು ವರ್ಷ ಹಳೆಯದು. ಎಲ್ಲ ಒರಿಜಿನಲ್ ಇರಬೇಕು, 12 ವೋಲ್ಟು ಬೇಡ, ಎಲ್‌ಇಡಿಯಂತೂ ಬೇಡವೇ ಬೇಡ ಎಂದ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಪೇಪರಿನಲ್ಲಿ ಸುತ್ತಿದ್ದ 6 ವೋಲ್ಟಿನ ಬಲ್ಬು ಇನ್ನೂ ನಾಲ್ಕು ಉಳಿದಿದ್ದವು. ಎರಡು ದಿನ ಕುಳಿತು ಆರ್ಮೇಚರ್, ಕಾರ್ಬನ್, ಕಟೌಟ್ ನೋಡಿದೆ. ಅರ್ತಿನ ಬೋಲ್ಟು ಉಜ್ಜಿದೆ.

ಗೋದಾಮಿನ ಗೋಡೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿ, ಪೂರ್ತಿ ಗಾಜು. ರಾತ್ರಿ ಎಂಟಕ್ಕೆ ಅವರು ಶಟರ್ ಎಳೆಯುವವರೆಗೆ ಕಾದು, ಹತ್ತು ಹೆಜ್ಜೆ ಎಣಿಸಿ, ಶಟರಿಗೆ ಸೀಮೆಸುಣ್ಣದಲ್ಲಿ ಗೀಟೆಳೆದು, ಹುಡುಗನನ್ನು ಗಾಡಿ ಮೇಲೆ ಕೂರಿಸಿದೆ. ಅರಿಶಿನದ ನೀರು ಚೆಲ್ಲಿದಂತೆ ಬೆಳಕು ಬಿತ್ತು.

‘ಹಿಂದೆ ಯಾರು ಕೂರ್ತಾರೆ?’

‘ಯಾರೂ ಇಲ್ಲ ಅಂಕಲ್’ ಎಂದವನು ಸ್ವಲ್ಪ ತಡೆದು, ‘ಅಜ್ಜಿ ಒಂದ್ ರೌಂಡ್ ಹೋಗ್ಬೇಕು ಅಂತಿದ್ರು’ ಎಂದ.

ಅಂಗಡಿಯ ಹುಡುಗ ಮನೆಗೆ ಹೋಗಿಯಾಗಿತ್ತು. ಸ್ಕ್ರೂಡ್ರೈವರನ್ನು ಗಾಡಿ ಮೇಲಿದ್ದವನ ಕೈಗೆ ಕೊಟ್ಟು, ನೋಯುವ ಮಂಡಿಯನ್ನು ಎತ್ತಿಟ್ಟು, ನಾನೇ ಹಿಂದೆ ಹತ್ತಿ ಕುಳಿತೆ.